ಸಬೂಬು

‘ಕರೆಂಟು ಹೋಗಿತ್ತು’, ‘ನೆಟ್‌ವರ್ಕ್ ಸಿಗಲಿಲ್ಲ’, ‘ಮನೆಗೆ ನೆಂಟರು ಬಂದಿದ್ದರು’. ಕೆಲಸ ತಡವಾದಾಗ ಮುಂದೆ ಬರುವ ಇಂಥ ಮಾತುಗಳಿಗೆ ಕನ್ನಡಿಗರು ಇಟ್ಟ ಹೆಸರು ಸಬೂಬು.

ಪದದ ಮೂಲ ಅರಬ್ಬಿಯ ‘ಸಬಬ್’. ಹಳೆಯ ಅರಬ್ಬಿಯಲ್ಲಿ ಹಾಗೆಂದರೆ ಹಗ್ಗ. ಹಗ್ಗ ಹಿಡಿದು ಮೇಲೇರಬಹುದು, ಬಾವಿಯ ನೀರು ಮುಟ್ಟಬಹುದು. ಹೀಗಾಗಿ ಅದಕ್ಕೆ ‘ಸಾಧನ’ ಎಂಬ ಅರ್ಥ ಬಂತು, ಆಮೇಲೆ ‘ಕಾರಣ’. ಅರ್ಜಿ, ವಕೀಲ, ತಕರಾರುಗಳಂತೆ ಇದೂ ಪಾರಸಿ, ಉರ್ದುಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂತು. ಉರ್ದುವಿನಲ್ಲಿ ಸಬಬ್ ಈಗಲೂ ನಿಜವಾದ ಕಾರಣವೇ. ಮರಾಠಿಯಲ್ಲಿ ಕಾರಣವೂ ಹೌದು, ನೆಪವೂ ಹೌದು. ಕನ್ನಡದ ಸಬೂಬಿಗೆ ಉಳಿದದ್ದು ನೆಪ ಮಾತ್ರ.

ಕಾರಣ ‘ಇರುತ್ತದೆ’, ಸಬೂಬನ್ನು ‘ಹೇಳುತ್ತಾರೆ’. ಎಷ್ಟು ಸೂಕ್ಷ್ಮ ಬಳಕೆ!

ಹೀಗೆ ಸಬೂಬು ಹೇಳುತ್ತ ಕೆಲಸ ಎಳೆದಾಡುವವನಿಗೆ ಸಂಸ್ಕೃತದಲ್ಲಿ ‘ದೀರ್ಘಸೂತ್ರಿ’ ಎನ್ನುತ್ತಾರೆ, ಎಂದರೆ ಉದ್ದ ನೂಲಿನವನು. ಮಹಾಭಾರತದ ಶಾಂತಿಪರ್ವದ ಮೂರು ಮೀನುಗಳ ಕತೆಯಲ್ಲಿ ಒಂದು ಮೊದಲೇ ಬೇರೆಡೆಗೆ ಹೋಗುತ್ತದೆ, ಇನ್ನೊಂದು ಉಪಾಯದಿಂದ ಪಾರಾಗುತ್ತದೆ. ಸಾಯುವುದು ಮೂರನೆಯದು, ದೀರ್ಘಸೂತ್ರ ಎಂಬ ಹೆಸರಿನದು.

ಓದುಗರೇ, ಮುಂದಿನ ಸಲ ತಡವಾದರೆ ಕಾರಣದ ಜೊತೆಗೇ ಕೆಲಸ ಮುಗಿಸುವ ತಾರೀಖನ್ನೂ ಹೇಳಿಬಿಡಿ.