ಇಲಿ ಬಿದ್ದ ಊರು

ಅಟ್ಟದ ಮೇಲಿಂದಲೋ ಸೂರಿನ ಸಂದಿನಿಂದಲೋ ಇಲಿಯೊಂದು ತೂರಾಡುತ್ತ ಕೆಳಕ್ಕಿಳಿದು, ಹಾಡುಹಗಲಿನಲ್ಲಿ, ಮನುಷ್ಯರ ಸುಳಿವಿಗೂ ಬೆದರದೆ, ನಡುಮನೆಯಲ್ಲಿ ಗಿರ್ರನೆ ಸುತ್ತಿ ಬಿದ್ದು ಸತ್ತಿತೆಂದರೆ, ಹಳೆಯ ಮೈಸೂರು ಸೀಮೆಯ ಗೃಹಸ್ಥನು ಮನೆಗೆ ಬೀಗ ಹಾಕಿ, ಹೆಂಡಿರು ಮಕ್ಕಳನ್ನೂ ದನಕರುಗಳನ್ನೂ ಮುಂದಿಟ್ಟುಕೊಂಡು ಊರ ಹೊರಗಿನ ಹೊಲಕ್ಕೋ ತೋಪಿಗೋ ಹೊರಟುಬಿಡುತ್ತಿದ್ದ ಕಾಲವೊಂದಿದ್ದಿತು. ಇಲಿ ಬಿತ್ತೆಂಬ ಸುದ್ದಿ ಒಂದು ಮನೆಯಿಂದ ಹೊರಬಿದ್ದರೆ ಊರಿಗೆ ಊರೇ ಬರಿದಾಗುತ್ತಿದ್ದಿತು. ಹೊಲದಲ್ಲಿ ಸೋಗೆಯ ಗುಡಿಸಲುಗಳೆದ್ದು, ಅಲ್ಲಿಯೇ ಒಲೆ ಹೂಡಿ, ಅಲ್ಲಿಯೇ ಬಾಣಂತನ ನಡೆಸಿ, ಅಲ್ಲಿಯೇ ಹಬ್ಬ ಮಾಡಿ, ಮಾರಿ ಶಾಂತವಾಯಿತೆಂಬ ನೆಚ್ಚಿಕೆ ಹುಟ್ಟುವವರೆಗೆ ಜನರು ತಿಂಗಳುಗಟ್ಟಲೆ ಕಾಲ ಕಳೆಯುತ್ತಿದ್ದರು. ಈ ಪದ್ಧತಿಯನ್ನು ಬರಿಯ ಭಯವೆಂದಾಗಲಿ ಮೂಢನಂಬಿಕೆಯೆಂದಾಗಲಿ ತಳ್ಳಿಹಾಕುವವರೊಡನೆ ನನಗೆ ಸಮ್ಮತಿಯಿಲ್ಲ. ಕಾರಣವನ್ನರಿಯದೆಯೇ ಕಾರ್ಯವನ್ನು ಕಣ್ಣಿಟ್ಟು ನೋಡಿದ ಜನರ ಪರೀಕ್ಷಿತ ಜ್ಞಾನವೊಂದು ಅದರಲ್ಲಿ ಅಡಗಿದ್ದಿತು. ನಮ್ಮವರಿಗೆ ಪ್ಲೇಗಿನ ಪರಿಚಯವಾಗುವುದಕ್ಕೆ ಬಹುಕಾಲ ಮುಂಚೆಯೇ ಹಿಮಾಲಯದ ಕುಮಾವೂಂ ಮತ್ತು ಗಢವಾಲಗಳ ಗ್ರಾಮಸ್ಥರೂ ಸತ್ತ ಇಲಿಯನ್ನು ಕಂಡೊಡನೆ ಹಳ್ಳಿಯನ್ನು ತೊರೆದು ಬೆಟ್ಟದ ಮೇಲಕ್ಕೆ ಹೋಗುತ್ತಿದ್ದರು.

ನಮ್ಮ ನಾಡಿಗೆ ಈ ವ್ಯಾಧಿಯು ಹಡಗನ್ನೂ ರೈಲನ್ನೂ ಏರಿ ಬಂದಿತು. 1894ರಲ್ಲಿ ಹಾಂಕಾಂಗಿನಲ್ಲಿ ಹಬ್ಬಿದ ಪ್ಲೇಗು 1896ರಲ್ಲಿ ಮುಂಬಯಿಯ ಬಂದರಿಗೆ ಕಾಲಿಟ್ಟು, ಅಲ್ಲಿನ ಮಾಂಡವಿಯ ಓಣಿಗಳಲ್ಲಿ ವೈದ್ಯರಾದ ವಿಯೆಗಾಸರ ಕಣ್ಣಿಗೆ ಮೊದಲು ಬಿದ್ದಿತು. ಧಾನ್ಯದ ಮೂಟೆಗಳೊಡನೆಯೂ ಪ್ರಯಾಣಿಕರ ಗಂಟುಗಳೊಡನೆಯೂ ರೈಲುದಾರಿಯಗುಂಟ ದಕ್ಷಿಣಕ್ಕಿಳಿದ ಅದು ಹುಬ್ಬಳ್ಳಿಯನ್ನು ಹಿಡಿದು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಅಂಗಡಿಯ ಹಿಂದೆಯೇ ಮನೆ, ಮನೆಯೊಳಗೆಯೇ ಕಣಜ, ಬೆಳಕು ಕಾಣದ ನಡುಮನೆ, ಗೋಡೆಗೆ ಗೋಡೆ ಹತ್ತಿದ ಓಣಿ, ಇವುಗಳಿಂದ ಕೂಡಿದ್ದ ಪೇಟೆಗಳಲ್ಲಿ ಇಲಿಗೆ ಯಾವ ಕೊರತೆಯೂ ಇರಲಿಲ್ಲ. ದಂಡು ಪ್ರದೇಶವೂ ಸೇರಿ 1891ರ ಜನಗಣತಿಯಲ್ಲಿ 1,80,366 ಮಂದಿಯಿದ್ದ ಬೆಂಗಳೂರಿನಲ್ಲಿ 1901ರ ಹೊತ್ತಿಗೆ ಉಳಿದವರು 1,59,046. ಸತ್ತವರೊಡನೆ ಊರು ಬಿಟ್ಟು ಹೋದವರೂ ಈ ಇಳಿತದಲ್ಲಿ ಸೇರಿದ್ದಾರೆ.

ದಿವಾನ್ ಶೇಷಾದ್ರಿ ಅಯ್ಯರರ ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿ, ರೋಗಿಗಳನ್ನು ಪ್ರತ್ಯೇಕವಾಗಿಡುವ ಶಿಬಿರಗಳನ್ನು ತೆರೆಯಿಸಿತು. ರೈಲಿನಿಂದಿಳಿದವರ ತಪಾಸಣೆ, ರೋಗವಿದ್ದ ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ಔಷಧದ ನೀರಿನಿಂದ ನೆಲ ಗೋಡೆ ತೊಳೆಸುವುದು, ಇವೆಲ್ಲ ನಡೆದವು. ಉದ್ದೇಶವು ಒಳ್ಳೆಯದೇ ಆಗಿದ್ದರೂ, ಜ್ವರದಿಂದ ಬಳಲುವ ಮಗನನ್ನು ತಾಯಿಯ ಮಡಿಲಿನಿಂದ ಕಿತ್ತು ಅಪರಿಚಿತರ ನಡುವೆ ಮಲಗಿಸುವುದನ್ನೂ, ಗಡ್ಡೆ ಎದ್ದಿದೆಯೇ ಎಂದು ಹೆಂಗಸರ ಕಂಕುಳನ್ನು ಪರರು ಮುಟ್ಟಿ ನೋಡುವುದನ್ನೂ ಯಾರು ತಾನೇ ಸಹಿಸಿಯಾರು? ಜನರು ರೋಗಿಗಳನ್ನು ಅಟ್ಟದಲ್ಲಿ ಬಚ್ಚಿಟ್ಟರು; 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಗಲಭೆಯೇ ಎದ್ದಿತು. ಅಂದಿನ ಅಧಿಕಾರಿಗಳು ರೋಗವು ಮನುಷ್ಯನಿಂದ ಮನುಷ್ಯನಿಗೂ ಕೊಳಕಿನಿಂದ ಮನುಷ್ಯನಿಗೂ ಅಂಟುವುದೆಂದು ಎಣಿಸಿದ್ದರು. ಗಡ್ಡೆ ಏಳುವ ಪ್ಲೇಗಾದರೋ ರೋಗಿಯಿಂದ ನೇರವಾಗಿ ಇನ್ನೊಬ್ಬರಿಗೆ ತಗಲುವುದು ಅಪರೂಪ. ಆದಕಾರಣ ಸರ್ಕಾರದ ಕ್ರಮಗಳಲ್ಲಿ ರೋಗಿಯನ್ನು ಎಳೆದೊಯ್ಯುವುದಕ್ಕಿಂತ ಮನೆಯನ್ನು ಖಾಲಿ ಮಾಡಿಸುವುದೇ ಹೆಚ್ಚು ಫಲ ಕೊಟ್ಟಿತೆಂದೂ, ಅದನ್ನು ಜನರು ಹೇಳಿಸಿಕೊಳ್ಳದೆಯೇ ಮಾಡಲು ಸಿದ್ಧರಿದ್ದರೆಂದೂ ನಾನು ತಿಳಿಯುತ್ತೇನೆ.

ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಯೆರ್ಸಿನ್ ಎಂಬ ವಿಜ್ಞಾನಿಯು 1894ರಲ್ಲಿಯೇ ಹಾಂಕಾಂಗಿನಲ್ಲಿ, ಸತ್ತವರ ಗಡ್ಡೆಗಳಿಂದ ತೆಗೆದ ರಸದಲ್ಲಿ ಕಂಡಿದ್ದನು. ಅದು ಇಲಿಯಿಂದ ಮನುಷ್ಯನಿಗೆ ಬರುವ ಬಗೆ ಮಾತ್ರ ತಿಳಿದಿರಲಿಲ್ಲ. ಬೆಂಗಳೂರಿಗೆ ಪ್ಲೇಗು ಬರುವುದಕ್ಕೆ ಎರಡು ತಿಂಗಳು ಮುಂಚೆ, 1898ರ ಜೂನಿನಲ್ಲಿ, ಫ್ರೆಂಚ್ ವೈದ್ಯ ಸೀಮೋನ್ ಕರಾಚಿಯಲ್ಲಿ ಒಂದು ದೊಡ್ಡ ಗಾಜಿನ ಜಾಡಿಯ ತಳಕ್ಕೆ ಮರಳು ಹಾಕಿ, ರೋಗ ತಗಲಿದ ಇಲಿಯೊಂದನ್ನು ಅದರೊಳಗಿಟ್ಟು, ಚಿಗಟಗಳನ್ನು ಬಿಟ್ಟು, ಆ ಇಲಿಯು ಪ್ರಾಣ ಬಿಡುವ ಸಮಯಕ್ಕೆ ಸರಿಯಾಗಿ ಆರೋಗ್ಯವಾದ ಮತ್ತೊಂದು ಇಲಿಯನ್ನು ತಂತಿಯ ಪಂಜರದಲ್ಲಿ ಕೂಡಿಸಿ ಜಾಡಿಯೊಳಕ್ಕೆ ಇಳಿಬಿಟ್ಟನು. ಎರಡೂ ಒಂದನ್ನೊಂದು ಮುಟ್ಟುವಂತಿರಲಿಲ್ಲ; ಚಿಗಟಗಳು ಮಾತ್ರ ನೆಗೆಯಬಹುದಾಗಿದ್ದಿತು. ಕೆಲವು ದಿನಗಳಲ್ಲಿ ಪಂಜರದ ಇಲಿಯೂ ಪ್ಲೇಗಿನಿಂದ ಸತ್ತಿತು. ವಿದ್ವಾಂಸರು ಅವನ ಮಾತನ್ನು ನಂಬಲಿಲ್ಲ. 1905ರಲ್ಲಿ ಮುಂಬಯಿಯಲ್ಲಿ ಕೆಲಸಕ್ಕೆ ತೊಡಗಿದ ಪ್ಲೇಗು ಸಂಶೋಧನಾ ಮಂಡಲಿಯವರು ರೋಗ ಹೊಕ್ಕ ಮನೆಗಳಲ್ಲಿ ಗಿನಿಹಂದಿಗಳನ್ನು ಪಂಜರಗಳಲ್ಲಿ ತೂಗುಹಾಕಿ ನೋಡಿದರು: ನೆಲದಿಂದ ಎರಡಂಗುಲ ಮೇಲಿದ್ದವು ರೋಗಕ್ಕೆ ಬಲಿಯಾದವು, ಎರಡಡಿ ಮೇಲಿದ್ದವು ಬದುಕಿಕೊಂಡವು. ಚಿಗಟದ ನೆಗೆತದ ಎತ್ತರವೇ ಜೀವಮರಣಗಳ ಗಡಿಯಾಯಿತು. ನೆಲದ ಮೇಲೆ ಚಾಪೆ ಹಾಸಿ ಮಲಗುವ ಬಡವನ ಮನೆಯಲ್ಲಿ ಸಾವು ಏಕೆ ಅಷ್ಟು ಸಲೀಸಾಗಿ ಸುಳಿದಾಡಿತೆಂಬುದಕ್ಕೆ ಇದರಲ್ಲಿ ಒಂದು ಉತ್ತರವಿದೆ.

ಇನ್ನು ಶರೀರದೊಳಗೆ ನಡೆಯುವ ವ್ಯಾಪಾರ. ರೋಗಾಣುಗಳು ಚಿಗಟದ ಅನ್ನನಾಳದ ಕೊನೆಯಲ್ಲಿ ಬೆಳೆದು ಗಟ್ಟಿಯಾಗಿ ದಾರಿಯನ್ನು ಮುಚ್ಚಿಬಿಡುತ್ತವೆ. ಹೀರಿದ ರಕ್ತ ಹೊಟ್ಟೆಗಿಳಿಯದೆ ಹಸಿವಿನಿಂದ ಕಂಗೆಟ್ಟ ಚಿಗಟವು ಮೇಲಿಂದ ಮೇಲೆ ಕಚ್ಚುತ್ತ, ಕಚ್ಚಿದಾಗಲೆಲ್ಲ ರೋಗಾಣುಗಳನ್ನು ಗಾಯದೊಳಕ್ಕೆ ಕಾರುತ್ತದೆ. ಇದನ್ನು ಬಕೋ ಮತ್ತು ಮಾರ್ಟಿನ್ ಎಂಬವರು 1914ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಹದಲ್ಲಿ ರಕ್ತನಾಳಗಳ ಜೊತೆಗೆ, ಬಣ್ಣವಿಲ್ಲದ ದುಗ್ಧರಸವನ್ನು ಅಂಗಾಂಗಗಳಿಂದ ಎತ್ತಿ ಮತ್ತೆ ರಕ್ತಕ್ಕೆ ಸೇರಿಸುವ ಸೂಕ್ಷ್ಮನಾಳಗಳ ಮತ್ತೊಂದು ಜಾಲವಿದೆ. ಆ ನಾಳಗಳ ದಾರಿಯಲ್ಲಿ, ಹಾದುಹೋಗುವ ಸರಕನ್ನೆಲ್ಲ ತಡೆದು ನೋಡುವ ಸುಂಕದ ಕಟ್ಟೆಗಳಂತೆ, ದುಗ್ಧಗ್ರಂಥಿಗಳು ಕತ್ತಿನಲ್ಲಿಯೂ ಕಂಕುಳಿನಲ್ಲಿಯೂ ತೊಡೆಯ ಸಂದಿನಲ್ಲಿಯೂ ಗುಂಪುಗುಂಪಾಗಿವೆ. ಕಾಲನ್ನು ಚಿಗಟ ಕಚ್ಚಿದರೆ ಹೊಕ್ಕ ರೋಗಾಣು ತೊಡೆಯ ಸಂದಿನ ಗ್ರಂಥಿಗೂ, ಕೈಯನ್ನು ಕಚ್ಚಿದರೆ ಕಂಕುಳಿನದಕ್ಕೂ ಬಂದು ಸೇರುತ್ತದೆ. ಅಲ್ಲಿ ಬಿಳಿಯ ರಕ್ತಕಣಗಳು ಅದರ ಮೇಲೆ ಬೀಳುತ್ತವೆ. ಗ್ರಂಥಿಯು ಊದಿ, ಕೆಂಪೇರಿ, ಮುಟ್ಟಿದರೆ ಜೀವ ಹೋಗುವಷ್ಟು ನೋಯುತ್ತದೆ. ಇದೇ ಜನರು ಕಂಡು ನಡುಗಿದ ಗಡ್ಡೆ. ದೇಹವು ತನ್ನನ್ನು ರಕ್ಷಿಸಿಕೊಳ್ಳಲು ಹೋರಾಡಿದ ರಣಭೂಮಿಯೇ ಅದಾಗಿದ್ದಿತು. ಕಟ್ಟೆಯನ್ನು ದಾಟಿ ರೋಗಾಣು ರಕ್ತಕ್ಕಿಳಿದರೆ ರೋಗಿಯು ಉಳಿಯುವುದು ದುರ್ಲಭ. ಶ್ವಾಸಕೋಶವನ್ನು ಸೇರಿದರೆ ಆಗ ಮಾತ್ರ ಅವನ ಕೆಮ್ಮೇ ಇತರರಿಗೆ ಮೃತ್ಯುವಾಗುತ್ತದೆ.

ಈಗ ಊರು ಬಿಡುವ ಪದ್ಧತಿಯನ್ನು ಮತ್ತೊಮ್ಮೆ ನೋಡಬೇಕು. ಚಿಗಟಕ್ಕೆ ಬೆಚ್ಚನೆಯ ಮೈ ಬೇಕು. ಇಲಿ ಸತ್ತು ತಣ್ಣಗಾದೊಡನೆ ಅದು ಇನ್ನೊಂದು ಮೈಯನ್ನರಸಿ ಹೊರಡುತ್ತದೆ. ಇಲಿಗಳೆಲ್ಲ ಸತ್ತು ಮುಗಿದ ಮೇಲೆ ಸಮೀಪದಲ್ಲಿ ಸಿಕ್ಕುವವನು ಮನುಷ್ಯನೇ. ಮೊದಲ ಇಲಿ ಬಿದ್ದಾಗಲೇ ಮನೆ ಬಿಟ್ಟವನು ಚಿಗಟಗಳು ತನ್ನನ್ನು ಅರಸುವುದಕ್ಕೆ ಮುಂಚೆಯೇ ದೂರ ಸರಿದಿರುತ್ತಿದ್ದನು. ಕಣಜವೂ ಬಿಲವೂ ಇಲ್ಲದ ಬಯಲಿನ ಗುಡಿಸಲನ್ನು ಮನೆಯಿಲಿಯು ಅಷ್ಟು ಸುಲಭವಾಗಿ ಸೇರದು. ಆದರೆ ಅದೇ ಜನರು ಹೊರಡುವಾಗ ಹಾಸಿಗೆ ಕಂಬಳಿಗಳನ್ನೂ ಜೋಳ ರಾಗಿಗಳ ಚೀಲಗಳನ್ನೂ ಹೊತ್ತುಕೊಂಡು ಹೋದರೆ, ಅವುಗಳ ಮಡಿಕೆಗಳಲ್ಲಿ ಅಡಗಿದ ಚಿಗಟಗಳೂ ಜೊತೆಗೆ ಹೋಗುತ್ತಿದ್ದವು. ಮರೆತ ವಸ್ತುವನ್ನು ತರಲು ಬೀಗ ತೆಗೆದು ಒಳಹೊಕ್ಕವನಿಗೆ ಹಸಿದ ಚಿಗಟಗಳು ಕಾದಿರುತ್ತಿದ್ದವು. ಊರ ಗಡಿಯಲ್ಲಿ ಪ್ಲೇಗಮ್ಮನನ್ನು ನೆಲೆಗೊಳಿಸಿ ಪೂಜಿಸಿದ ಜನರೇ ಇಲಿಯ ಮೇಲೆ ಕಣ್ಣಿಟ್ಟವರೂ ಆಗಿದ್ದರೆಂಬುದನ್ನು ಮರೆಯಲಾಗದು. ಭಕ್ತಿ ಮತ್ತು ಅವಲೋಕನಗಳೆರಡೂ ಒಂದೇ ಮನೆಯಲ್ಲಿ ಬಾಳಿದ್ದವು.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳಿಂದಲೂ ಮನೆಗಳ ಹಿಂದಿನ ಕಿರುಗಲ್ಲಿಗಳಿಂದಲೂ ಕೂಡಿ ಬೆಳೆದುದು ಈ ಭೀತಿಯ ದಿನಗಳಲ್ಲಿಯೇ. ಮೈಸೂರಿನ ನಗರಾಭಿವೃದ್ಧಿ ಮಂಡಲಿಯು 1903ರಲ್ಲಿ ಹುಟ್ಟಿದುದಕ್ಕೂ ಇದೇ ಹಿನ್ನೆಲೆ. ಜಾತಿಯ ಕಾರಣದಿಂದ ತಿರುವಾಂಕೂರಿನಲ್ಲಿ ಕೆಲಸ ದೊರೆಯದೆ ಮೈಸೂರು ಸರ್ಕಾರದ ಸೇವೆಗೆ ಬಂದಿದ್ದ ಡಾಕ್ಟರ್ ಪಲ್ಪು ಅವರು ಬೆಂಗಳೂರಿನ ಪ್ಲೇಗು ಶಿಬಿರದಲ್ಲಿ ಜೀವದ ಹಂಗು ತೊರೆದು ದುಡಿದುದನ್ನು ನಮ್ಮ ನಾಡು ಕೃತಜ್ಞತೆಯಿಂದ ನೆನೆಯಬೇಕು. 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿಯು ತನ್ನ ಮೈಗೇ ಮೊದಲು ಚುಚ್ಚಿಕೊಂಡು ಪರೀಕ್ಷಿಸಿದ ಪ್ಲೇಗಿನ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನರು ಹಾಕಿಸಿಕೊಂಡರು. ಚಿಗಟವನ್ನು ಕೊಲ್ಲುವ ಡಿಡಿಟಿಯೂ ರೋಗಾಣುವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ನೂ ಬಂದ ಮೇಲೆ ವ್ಯಾಧಿಯ ಹಲ್ಲು ಮುರಿಯಿತು. 1966ರಲ್ಲಿ ಕೋಲಾರ ಜಿಲ್ಲೆಯಲ್ಲಿ ಕಾಣಿಸಿಕೊಂಡ ಬಳಿಕ, 1994ರವರೆಗೆ ದೇಶದಲ್ಲಿ ಮನುಷ್ಯರಿಗೆ ಪ್ಲೇಗು ತಗಲಿದ ವರದಿಯಿರಲಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡುಗಳು ಕೂಡುವ ಆ ಮೂರು ಗಡಿಗಳ ಸೀಮೆಯಲ್ಲಿ ರೋಗಾಣುವು ಬಯಲಿನ ಬಿಲಗಳಲ್ಲಿರುವ ಕಾಡಿಲಿಗಳನ್ನು ಆಶ್ರಯಿಸಿ ಬಾಳಬಲ್ಲದಾದುದರಿಂದ, ಮನುಷ್ಯರಲ್ಲಿ ರೋಗ ನಿಂತ ಮೇಲೆಯೂ ಆರೋಗ್ಯ ಇಲಾಖೆಯವರು ಅಲ್ಲಿನ ಇಲಿಗಳನ್ನು ಹಿಡಿದು, ಮೈಯ ಚಿಗಟಗಳನ್ನು ಬಾಚಿ ಎಣಿಸಿ, ರಕ್ತವನ್ನು ಪರೀಕ್ಷಿಸುವ ಕೆಲಸವನ್ನು ಕೈಬಿಡಲಿಲ್ಲ.