ಗುಜರಾತಿನ ಮರಾಠಿಗರು

ವಡೋದರಾ, ಅಹಮದಾಬಾದ್ ಮತ್ತು ಸೂರತ್‌ಗಳಲ್ಲಿ ನೆಲೆನಿಂತ ಮರಾಠಿ ಮೂಲದ ಜನ. ಒಂದೊಂದು ನಗರಕ್ಕೆ ಒಂದೊಂದು ಕಾಲದಲ್ಲಿ, ಬೇರೆಬೇರೆ ಕಾರಣಕ್ಕೆ ಬಂದವರಾದ್ದರಿಂದ ಮೂಲ ಊರಿನ ನಂಟೂ ಇವರಲ್ಲಿ ಒಂದೇ ತೆರನಾಗಿಲ್ಲ.

ವಡೋದರಾದವರು ಆಳುವವರ ಬೆನ್ನಿಗೆ ಬಂದವರು. 1734ರಲ್ಲಿ ನಗರ ಮರಾಠಾ ಸರದಾರ ಗಾಯಕವಾಡರ ಕೈಸೇರಿದ ಮೇಲೆ ದಖ್ಖನಿನ ಸೈನಿಕರು, ಕಾರಕೂನರು, ಪುರೋಹಿತರು ಇಲ್ಲಿ ಮನೆ ಮಾಡಿದರು; ದಾಂಡಿಯಾ ಬಜಾರ್ ಈಗಲೂ ಮರಾಠಿ ಓಣಿಯೆಂದೇ ಹೆಸರುವಾಸಿ. ದೊರೆ ಮೂರನೆಯ ಸಯಾಜಿರಾವ್ (1863–1939) ಕೂಡ ನಾಶಿಕ ಸೀಮೆಯ ಕವಳಾಣೆಯ ರೈತರ ಮನೆಯಿಂದ 1875ರಲ್ಲಿ ದತ್ತು ಬಂದವನೇ. ಆದರೂ ತವರಿನ ಭಾಷೆಯನ್ನು ಪ್ರಜೆಗಳ ಮೇಲೆ ಹೇರಲಿಲ್ಲ. ಆತನ ಹೆಸರಿನ ಗ್ರಂಥಮಾಲೆ ಗುಜರಾತಿ, ಮರಾಠಿ ಎರಡರಲ್ಲೂ ಹೊರಬಂತು. 1880ರಲ್ಲಿ ಆತನ ಕೈಹಿಡಿದ ಚಿಮ್ನಾಬಾಯಿ ತಂಜಾವೂರಿನ ಮರಾಠಾ ಮನೆತನದವಳು. ಅವಳೊಂದಿಗೆ ಬಂದ ನರ್ತಕಿಯರ ಬಳಗದಿಂದಲೇ ಮುಂದೆ ಭರತನಾಟ್ಯ ಗುರು ಕುಬೇರನಾಥ ತಂಜೋರ್ಕರ್ ಬಂದದ್ದು: ತಮಿಳು ನೆಲದ ಕಲೆ, ಮರಾಠಿ ರೂಪದ ಅಡ್ಡಹೆಸರು, ಗುಜರಾತಿನ ಬದುಕು.

1960ರ ಮೇ 1ರಂದು ಮುಂಬಯಿ ರಾಜ್ಯ ಒಡೆದಾಗ ಹಳೆಯ ದೊರೆಗಳ ಭಾಷೆಯವರು ಗುಜರಾತಿನಲ್ಲಿ ಅಲ್ಪಸಂಖ್ಯಾತರಾದರು. ಮರಾಠಾ ದೊರೆಗಳಾದ ಘೋರ್ಪಡೆಯವರ ಸಂಡೂರನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ಕಥೆಯೇನಲ್ಲ. ವಡೋದರಾದ ಇಂದಿನ ಪೀಳಿಗೆ ಗುಜರಾತಿ ಬೆರೆತ ಮರಾಠಿ ಆಡುತ್ತದೆ, ಗಣೇಶನನ್ನು ಕೂರಿಸುತ್ತದೆ, ನವರಾತ್ರಿಗೆ ಗರಬಾ ಕುಣಿಯುತ್ತದೆ. ಕಾಳಿನ ಪಲ್ಯವಾದ ಮರಾಠಿ ಉಸಳಿನ ಮೇಲೆ ಸೇವು ಉದುರಿಸಿದ ‘ಸೇವ್ ಉಸಲ್’ ಊರಿಗೆಲ್ಲ ಪ್ರಿಯ. ಕೇಳಿದರೆ ಅವರು ಹೇಳಿಕೊಳ್ಳುವುದು ಬಡೋದೆಯವರೆಂದು (ವಡೋದರಾಕ್ಕೆ ಮರಾಠಿಯಲ್ಲಿ ಬಡೋದೆ). ಅಜ್ಜನ ಹಳ್ಳಿ ಉಳಿದಿರುವುದು ಅಡ್ಡಹೆಸರಿನಲ್ಲಿ, ಕುಲದೇವರ ಯಾತ್ರೆಯಲ್ಲಿ.

ಅಹಮದಾಬಾದಿನಲ್ಲಿ ಪೇಶ್ವೆ–ಗಾಯಕವಾಡರ ಜಂಟಿ ಆಳ್ವಿಕೆಯ ಕುರುಹಾಗಿ ಗಾಯಕವಾಡ ಹವೇಲಿ ಇದೆ. ಲೋಕಸಭೆಯ ಮೊದಲ ಸ್ಪೀಕರ್ ಗಣೇಶ ವಾಸುದೇವ ಮಾವಳಂಕರ್ (1888–1956) ಹುಟ್ಟಿದ್ದು ಬಡೋದೆಯಲ್ಲಿ, ಬಾಳಿದ್ದು ಇಲ್ಲಿ. ಮನೆತನದ ಮೂಲ ಕೊಂಕಣದ ರತ್ನಾಗಿರಿ. ಇನ್ನೊಬ್ಬರು ನಮಗೆ ಹತ್ತಿರದವರು. ಕಾಕಾ ಕಾಲೇಲ್ಕರ್ (1885–1981) ಸಾತಾರದಲ್ಲಿ ಹುಟ್ಟಿ, ಬೆಳಗಾವಿ, ಕಾರವಾರಗಳಲ್ಲಿ ಬೆಳೆದರು. ಆಮೇಲೆ ಗುಜರಾತಿಯಲ್ಲಿ ಎಷ್ಟು ಸೊಗಸಾಗಿ ಬರೆದರೆಂದರೆ ಗಾಂಧೀಜಿ ಅವರನ್ನು ‘ಸವಾಯಿ ಗುಜರಾತಿ’ (ಒಂದೂಕಾಲು ಪಾಲು ಗುಜರಾತಿ) ಎಂದರು. 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅವರಿಗೆ ಗುಜರಾತಿ ಲೇಖಕರೆಂದೇ ಸಂದಿತು.

ಸೂರತ್‌ನವರಿಗೆ ಅರಮನೆಯ ಹಂಗಿಲ್ಲ. ಮಗ್ಗದ ಕೂಲಿ ಅರಸಿ ಬಂದವರು. ಜಳಗಾವ್, ಧುಳೆ, ನಂದುರಬಾರ್‌ಗಳ ಖಾನದೇಶಿ ಜನ ಉಧನಾ, ಲಿಂಬಾಯತ್‌ಗಳಲ್ಲಿ ದಟ್ಟವಾಗಿದ್ದಾರೆ. ಮನೆಮಾತು ಅಹಿರಾಣಿ. ಜಳಗಾವ್ ಜಿಲ್ಲೆಯ ಭುಸಾವಳಕ್ಕೆ ನೇರ ರೈಲಿರುವುದರಿಂದ ಮದುವೆ, ಜಾತ್ರೆಗಳಿಗೆ ಊರಿಗೆ ಹೋಗಿಬರುವುದು ಇವರಿಗೆ ಕಷ್ಟವಲ್ಲ. ಜಳಗಾವ್ ಜಿಲ್ಲೆಯಲ್ಲಿ ಹುಟ್ಟಿದ ಸಿ. ಆರ್. ಪಾಟೀಲ್ 2020ರಲ್ಲಿ ಬಿಜೆಪಿಯ ಗುಜರಾತ್ ಘಟಕದ ಅಧ್ಯಕ್ಷರಾದರು.