ಗಲ್ಲಾಪೆಟ್ಟಿಗೆಯವರು ಬರೆದಿಟ್ಟ ನಕ್ಷೆ

ಸಿನಿಮಾ ಪತ್ರಿಕೆ ಎಂದೊಡನೆ ನಮಗೆ ನೆನಪಾಗುವುದು ತಾರೆಯರ ಬಣ್ಣದ ಚಿತ್ರಗಳು. ಅವುಗಳ ಹೊರತಾಗಿ ಇನ್ನೆರಡು ಬಗೆಯ ಪತ್ರಿಕೆಗಳಿವೆ. ಒಂದು ವ್ಯಾಪಾರಸ್ಥರದು, ಇನ್ನೊಂದು ವಿದ್ವಾಂಸರದು. ಗುಜರಾತಿನಲ್ಲಿ ನೆಲೆಸಿದ ನಾವು ಈ ಎರಡನ್ನೂ ಬಲ್ಲವರಾದರೆ ನಮ್ಮದೇ ಚರಿತ್ರೆಯ ಒಂದು ಪುಟ ತೆರೆಯುತ್ತದೆ.

ಮುಂಬಯಿಯಲ್ಲಿ 1973ರಲ್ಲಿ ಆರಂಭವಾದ ‘ಫಿಲ್ಮ್ ಇನ್‌ಫರ್ಮೇಶನ್’ ವಾರಪತ್ರಿಕೆ ಮೊದಲ ಬಗೆಯದು. ವಿತರಕರು ಮತ್ತು ಚಿತ್ರಮಂದಿರದ ಮಾಲೀಕರಿಗಾಗಿ ಹೊರಟದ್ದು. ಯಾವ ಚಿತ್ರ ಎಲ್ಲಿ ಎಷ್ಟು ಗಳಿಸಿತು ಎಂಬುದೇ ಅದರ ಜೀವಾಳ. ಎರಡನೆಯ ಬಗೆಗೆ 2010ರಲ್ಲಿ ಹುಟ್ಟಿದ ‘ಬಯೋಸ್ಕೋಪ್’ ಎಂಬ ಇಂಗ್ಲಿಷ್ ಷಾಣ್ಮಾಸಿಕ ಉದಾಹರಣೆ. ದಕ್ಷಿಣ ಏಷ್ಯಾದ ಚಿತ್ರರಂಗವೇ ಅದರ ವಿಷಯ. ಅಲ್ಲಿ ಲೇಖನ ಅಚ್ಚಾಗುವ ಮೊದಲು ಬೇರೆ ವಿದ್ವಾಂಸರ ಪರೀಕ್ಷೆಯಲ್ಲಿ ಪಾಸಾಗಬೇಕು.

1976ರ ‘ಮಂಥನ’ವನ್ನೇ ತೆಗೆದುಕೊಳ್ಳೋಣ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟು ಮಾಡಿಸಿದ ಈ ಚಿತ್ರದಲ್ಲಿ ಪಶುವೈದ್ಯ ಡಾ. ರಾವ್ ಆದವರು ನಮ್ಮ ಗಿರೀಶ ಕಾರ್ನಾಡರು. ಹಾಕಿದ 10 ಲಕ್ಷ ಮರಳಿತೇ ಎಂದು ವ್ಯಾಪಾರಿ ಕೇಳುತ್ತಾನೆ. ಲಾರಿ ತುಂಬ ಬಂದ ರೈತರು ಅವನ ಪಾಲಿಗೆ ಅಷ್ಟು ಟಿಕೆಟ್. ಪಟ್ಟಣದಿಂದ ಬಂದ ಅಧಿಕಾರಿ ಊರು ಬಿಟ್ಟ ಮೇಲೆ ಸಹಕಾರ ಸಂಘ ಯಾರ ಕೈಯಲ್ಲಿ ಉಳಿಯಿತು, ಹಳ್ಳಿಯ ದಲಿತರಿಗೆ ಏನು ದಕ್ಕಿತು ಎಂದು ವಿದ್ವಾಂಸ ಕೇಳುತ್ತಾನೆ. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ.

ಇನ್ನು ನಮ್ಮ ಮಾತಿಗೆ ಬರೋಣ. ವ್ಯಾಪಾರ ಪತ್ರಿಕೆಗಳು ದೇಶವನ್ನು ರಾಜ್ಯಗಳಾಗಿ ನೋಡದೆ ‘ಟೆರಿಟರಿ’ಗಳಾಗಿ ನೋಡುತ್ತವೆ. ಅವುಗಳ ‘ಬಾಂಬೆ’ ವಲಯದಲ್ಲಿ ಮುಂಬಯಿ, ಗೋವಾಗಳೊಡನೆ ಇಡೀ ಗುಜರಾತೂ ಉತ್ತರ ಕರ್ನಾಟಕದ ಕೆಲವು ಭಾಗಗಳೂ ಸೇರಿಕೊಂಡಿವೆ. ‘ನಿಜಾಮ್’ ವಲಯದಲ್ಲಿ ತೆಲಂಗಾಣದ ಜೊತೆಗೆ ಕಲಬುರಗಿಯ ಕಡೆಯ ಸೀಮೆಯಿದೆ. ‘ಮೈಸೂರು’ ಎಂಬುದು ಬೇರೆಯೇ ವಲಯ.

ಇದೆಲ್ಲ ಹಳೆಯ ಆಡಳಿತದ ನೆರಳು. ಅಹಮದಾಬಾದ್, ಸೂರತ್, ಧಾರವಾಡ, ಬೆಳಗಾವಿ, ಬಿಜಾಪುರ ಎಲ್ಲವೂ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದವು. ಗಾಯಕವಾಡರ ಬಡೋದೆ 1949ರಲ್ಲಿ ಮುಂಬಯಿಗೆ ಸೇರಿತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. 1960ರ ಮೇ 1ರಂದು ಗುಜರಾತ್ ಬೇರೆಯಾಯಿತು. ಗಡಿಗಳು ಬದಲಾದವು, ಸಿನಿಮಾ ವ್ಯಾಪಾರದ ಗೆರೆಗಳು ಉಳಿದವು. ಧಾರವಾಡದಿಂದ ಅಹಮದಾಬಾದಿಗೆ ಬಂದ ಸಂಸಾರ ಸರ್ಕಾರದ ಲೆಕ್ಕದಲ್ಲಿ ಪರರಾಜ್ಯಕ್ಕೆ ಬಂದಿತ್ತು; ಚಿತ್ರ ವಿತರಕನ ಲೆಕ್ಕದಲ್ಲಿ ಮನೆಯ ಅಂಗಳವನ್ನೇ ದಾಟಿರಲಿಲ್ಲ!

ವ್ಯಾಪಾರ ಪತ್ರಿಕೆಗೆ ಈ ನಕ್ಷೆ ಸಹಜ. ಅದು ಕಾರಣ ಹೇಳುವುದಿಲ್ಲ. ಕಾರಣ ಹುಡುಕುವುದು ವಿದ್ವಾಂಸನ ಕೆಲಸ. ಆದರೆ ಅವನಿಗೆ ಆಧಾರ ಬೇಕು, ಆ ಆಧಾರ ಹಳೆಯ ವಾರಪತ್ರಿಕೆಗಳಲ್ಲೇ ಇದೆ. ನಿರ್ಮಾಪಕರ ಜಾಹೀರಾತುಗಳಿಂದ ತುಂಬಿದ ಅವುಗಳ ಹೊಗಳಿಕೆಯನ್ನು ಜರಡಿ ಹಿಡಿಯಬೇಕು ನಿಜ. ಹಾಗೆಯೇ ವಿದ್ವತ್ ಪತ್ರಿಕೆಯ ಭಾಷೆ ಸಾಮಾನ್ಯರಿಗೆ ಕಬ್ಬಿಣದ ಕಡಲೆ ಎಂಬುದೂ ನಿಜ.

ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಆದರೂ ಸೂರತ್ತಿನಲ್ಲೋ ಬಡೋದೆಯಲ್ಲೋ ಒಂದು ಭಾನುವಾರ ಬೆಳಗಿನ ಆಟಕ್ಕೆ ಕನ್ನಡ ಚಿತ್ರ ಬಂದಿದ್ದರೆ, ಅದರ ಗುರುತು ಇರುವುದು ನಮ್ಮ ಅಟ್ಟದ ಮೇಲಿನ ಕರಪತ್ರದಲ್ಲೇ, ಟಿಕೆಟ್ಟಿನ ಚೂರಿನಲ್ಲೇ. ಪಸ್ತಿಯವನು ಅದನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ಅವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡೋಣ. ತಾರೀಖು, ಊರು, ಟಾಕೀಸಿನ ಹೆಸರು ಬರೆದು ಸಂಘದ ಕಪಾಟಿನಲ್ಲಿಡೋಣ. ನಾವು ಇಲ್ಲಿ ಬಾಳಿದ್ದೆವೆಂಬುದಕ್ಕೆ ನಾಳಿನ ಚರಿತ್ರೆಕಾರ ಕೇಳುವ ಸಾಕ್ಷಿ ಅದೇ.